ನಿಮ್ಮ ಮಾತು ಮುಟ್ಟಿದೆ

ಧಾರವಾಡದ ಕಸ್ತೂರಿ ಬೆಳ್ಳುಬ್ಬಿಯ ಮನೆಯಲ್ಲಿ ಇದ್ದವರು ಇಬ್ಬರು, ನಾಡಿಬಳೆ ಇದ್ದದ್ದು ನಾಲ್ಕು. ಒಂದು ಅವಳ ಕೈಯಲ್ಲಿ, ಒಂದು ಅವಳ ಅಪ್ಪ ರಾಚಪ್ಪ ಮಾಸ್ತರರ ಕೈಯಲ್ಲಿ, ಹೊಸ ಫ್ರಿಜ್ ಕೊಂಡಾಗ ಪುಕ್ಕಟೆ ಬಂದದ್ದೊಂದು ಡ್ರಾಯರಿನಲ್ಲಿ. ನಾಲ್ಕನೆಯದು ನಾಯಿಯ ಮುಂಗಾಲಿನಲ್ಲಿ. ನಗಬೇಡಿ. ಅಥವಾ ನಗಿ, ಮೊದಮೊದಲು ಆ ಮನೆಯವರೂ ನಕ್ಕವರೇ. ತಮ್ಮ ಹಳೆಯ ಬಳೆಯನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ ಮಾಸ್ತರರೇ ಅದನ್ನು ಮೋತಿಯ ಕಾಲಿಗೆ ಸಿಕ್ಕಿಸಿದ್ದರು. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಾಯಿಯ ಕಾಲು ಮಾತಾಡಿತು. “ರಾಚಪ್ಪನವರೇ, ನಿಮ್ಮ ನಾಡಿ ಎಂದಿಗಿಂತ ವೇಗವಾಗಿದೆ. ವಿಶ್ರಾಂತಿ ತೆಗೆದುಕೊಳ್ಳಿ. ಮಾತ್ರೆ ಕಳಿಸುತ್ತಿದ್ದೇವೆ.” ಅರ್ಧ ಗಂಟೆಯೊಳಗೆ ಅಂಗಳಕ್ಕೆ ಡ್ರೋನ್ ಬಂದು ಪೊಟ್ಟಣ ಇಳಿಸಿ ಹೋಯಿತು. ಮೋತಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಿ ಆಗಷ್ಟೇ ಬಂದು ಮಲಗಿತ್ತು.

ಈ ನಾಡಿಬಳೆ ಎಂಬುದು ಬಂದು ಆಗ ಆರು ವರ್ಷವಾಗಿತ್ತು. ಬಳೆಯ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಆರು ಕಣ್ಣುಗಳು, ಅಂಚಿನಲ್ಲೊಂದು ಕಿವಿ. ಕಣ್ಣುಗಳು ನಾಡಿ, ಮೈಬಿಸಿ, ರಕ್ತದೊಳಗಿನ ಆಮ್ಲಜನಕ ನೋಡುತ್ತವೆ. ಕಿವಿ ತೊಟ್ಟವರ ಮಾತು ಕೇಳುತ್ತದೆ. ಎಲ್ಲವೂ ಇಂಟರ್ನೆಟ್ ಹಿಡಿದು ಧಾರವಾಡದ ಕೇಂದ್ರದಲ್ಲಿದ್ದ ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ. ಅದರ ಜಾಣತನ ಇದ್ದದ್ದು ಒಂದೇ ಕಡೆ. ಹನ್ನೆರಡು ದಿನ ಅದು ನಿಮ್ಮ ಮೈಯನ್ನು ಓದಿ ಬಾಯಿಪಾಠ ಮಾಡಿಕೊಳ್ಳುತ್ತದೆ. ಆಮೇಲೆ ಆ ಪಾಠದಲ್ಲಿ ಒಂದಕ್ಷರ ತಪ್ಪಿದರೂ ಹಿಡಿಯುತ್ತದೆ. ಎದೆನೋವು ಬರುವ ಎರಡು ದಿನ ಮೊದಲೇ ವೈದ್ಯರ ಫೋನು ಬರುತ್ತಿತ್ತು. ಊರಲ್ಲಿ ಆಸ್ಪತ್ರೆಗಳ ಮುಂದಿನ ಪಾಳಿ ಕರಗಿಹೋಗಿತ್ತು. ಊರಲ್ಲಿ, ಅಂದೆ.

ಆದರೆ ಹಾಸ್ಟೆಲಿನ ಹುಡುಗರು ಎಲ್ಲಿ ಬಿಡುತ್ತಾರೆ? ಜ್ವರ ಬಂದವನೊಬ್ಬನ ಕೈಗೆ ಹತ್ತು ಜನ ತಮ್ಮ ತಮ್ಮ ಬಳೆ ತೊಡಿಸಿ ಕಾಲೇಜಿಗೆ ರಜೆ ಪಡೆಯಲು ಶುರು ಮಾಡಿದರು. ಒಂದೇ ಬಳೆಯಲ್ಲಿ ಹತ್ತು ಮೈ, ಒಂದೇ ಮೈಯಲ್ಲಿ ಹತ್ತು ಬಳೆ. ಕಂಪ್ಯೂಟರು ತಲೆ ಕೆಟ್ಟು ಕೂತಿತು. ಆಗ, ಎರಡು ವರ್ಷದ ಹಿಂದೆ, ಕೇಂದ್ರದ ಅಂಕಿ ಶುದ್ಧೀಕರಣ ವಿಭಾಗದ ಮುಖ್ಯಸ್ಥೆಯಾಗಿದ್ದ ಕಸ್ತೂರಿ ಒಂದು ನಿಯಮ ಬರೆದಳು. ವಾರದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬಳೆಯೊಳಗಿನ ಮೈ ಬದಲಾದರೆ ಆ ಬಳೆಯಿಂದ ಬಂದದ್ದನ್ನೆಲ್ಲ ‘ಕೈ ಬದಲು’ ಎಂದು ಗುರುತು ಹಾಕಿ ಬದಿಗೆ ತಳ್ಳಬೇಕು. ಅದಕ್ಕೆ ಒಂದು ಕೈ ನಿಯಮ ಎಂದು ಹೆಸರಾಯಿತು. ಕಂಪ್ಯೂಟರು ಸುಧಾರಿಸಿತು. ಕಸ್ತೂರಿಗೆ ಶಾಲು ಹೊದಿಸಿ ಹಾರ ಹಾಕಿದರು.

ಬದಿಗೆ ತಳ್ಳಿದ ಬಳೆಗಳು ಮೂಕವಾಗಿ ಇರುವುದು ಅವಳಿಗೆ ಸರಿ ಕಾಣಲಿಲ್ಲ. ಪಾಪ, ಯಾರೋ ಮಾತಾಡಿ ಉತ್ತರವಿಲ್ಲದೆ ನಿಲ್ಲಬಾರದಲ್ಲ ಅಂತ ಅವಳೇ ಮೈಕಿನ ಮುಂದೆ ಕೂತು ಎರಡು ವಾಕ್ಯ ಹೇಳಿ ಅದರಲ್ಲಿ ತುಂಬಿದಳು. “ನಿಮ್ಮ ಮಾತು ಮುಟ್ಟಿದೆ. ಚಿಂತೆ ಮಾಡಬೇಡಿ.” ಮುಂದೆ ಯಾರಾದರೂ ಒಳ್ಳೆಯ ಕಂಠದವರಿಂದ ಹೇಳಿಸಿದರಾಯಿತು ಅಂದುಕೊಂಡಿದ್ದಳು, ಮರೆತೇಹೋಯಿತು. ಆ ವಾಕ್ಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಮಾತು ಮುಟ್ಟುತ್ತಿತ್ತು. ಮುಟ್ಟಿದ ಮೇಲೆ ಏನಾಗುತ್ತಿತ್ತು ಎಂಬುದನ್ನು ಹೇಳುತ್ತಿರಲಿಲ್ಲ, ಅಷ್ಟೆ.

ಹೀಗಿರುವಾಗ ಒಂದು ಸೋಮವಾರ ಕೇಂದ್ರದ ನಿರ್ದೇಶಕ ಇನಾಮದಾರ ಸಾಹೇಬರು ಅವಳ ಮೇಜಿಗೆ ಬಂದರು.

“ಕಸ್ತೂರಿಯವರ, ಹನ್ನೊಂದು ಸಾವಿರ ಬಳಿ ‘ಕೈ ಬದಲು’ ಅಂತ ಸುಮ್ಮನ ಬಿದ್ದಾವ. ವಾಪಸ್ ತರಿಸಿಬಿಡೂಣು. ಇಲ್ಲಿ ಊರಾಗ ಎರಡನೇ ಕೈಗೆ ಬಳಿ ಬೇಕಂತ ಮಂದಿ ಹೆಸರು ಹಚ್ಚಿ ಕೂತಾರ. ಹದಿನೈದು ದಿನದಾಗ ನಿಮ್ಮ ಸಹಿ ಬೇಕು ನೋಡ್ರಿ.”

“ಮಾಡತೀನಿ ಸರ್. ಅದಕ್ಕ ಏನಂತ?” ಎಂದಳು ಕಸ್ತೂರಿ.

ಸಹಿಗೆ ಒಂದು ಕಟ್ಟಳೆ ಇತ್ತು. ಪಟ್ಟಿಯಿಂದ ಯಾವುದಾದರೂ ಹತ್ತು ಬಳೆ ಆರಿಸಿ, ಅವುಗಳ ಕಿವಿ ಹಿಡಿದ ಹಸಿ ಧ್ವನಿಯನ್ನು ಇದ್ದದ್ದಿದ್ದಂತೆ ಕೇಳಬೇಕು. ಹಿಂದೆ ಇದನ್ನು ಯಾರೂ ಮಾಡಿದವರಿಲ್ಲ, ಕೇಳಿದ್ದೇವೆ ಅಂತ ಬರೆದು ಬಿಡುತ್ತಿದ್ದರು. ಆವತ್ತು ಚಹಾ ಬರುವುದು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕಸ್ತೂರಿ ಹೆಡ್‌ಫೋನ್ ಕಿವಿಗಿಟ್ಟುಕೊಂಡಳು. ಮೊದಲಿಗೆ ಬಂದದ್ದು ಮುದ್ದನಗಡ್ಡಿ. ಕೃಷ್ಣಾ ನದಿಯ ನಡುವಿನ ಗಡ್ಡೆ, ರಾಯಚೂರು ಸೀಮೆ. ನಲವತ್ತಾರು ಮನೆ, ಇನ್ನೂರ ಹನ್ನೊಂದು ಜನ. ಬಳೆ ಒಂದು.

“ನಾನು ಈರಮ್ಮ ಅದೀನಿ, ಬಸಲಿಂಗನ ಹೇಂತಿ. ನನಗೇನಿಲ್ಲ, ಕೂಸಿಗೆ ಕೆಮ್ಮು. ಈಗ ಕೂಸಿನ ಕೈಗೆ ಹಾಕ್ತೀನಿ, ಅದರದ್ ಬ್ಯಾರೆ ನೋಡು ಮತ್ತ.”

ಒಂದು ಚಣ ಬಿಟ್ಟು ಹೆಣ್ಣು ದನಿ: “ನಿಮ್ಮ ಮಾತು ಮುಟ್ಟಿದೆ. ಚಿಂತೆ ಮಾಡಬೇಡಿ.”

ಕಸ್ತೂರಿಗೆ ಮೈ ಝುಂ ಎಂದಿತು. ತನ್ನದೇ ದನಿ! ಎಷ್ಟು ಅಂತಃಕರಣದ ದನಿ ಅದು, ಹಾಳಾಗಲಿ.

“ನಾನು ಅಮರಪ್ಪ, ದೊಡ್ಡಮನಿ ಅಮರಪ್ಪ. ನಿನ್ನೆ ಹೇಳಿದ್ನಲ್ಲ, ಅದೇ ಮೊಣಕಾಲು.”

“ನಿಮ್ಮ ಮಾತು ಮುಟ್ಟಿದೆ. ಚಿಂತೆ ಮಾಡಬೇಡಿ.”

ಒಬ್ಬರಾದ ಮೇಲೆ ಒಬ್ಬರು. ಎಲ್ಲರೂ ಮೊದಲು ತಮ್ಮ ಹೆಸರು ಹೇಳುತ್ತಿದ್ದರು, ಆಮೇಲೆ ಯಾರ ಮಗ, ಯಾರ ಹೆಂಡತಿ ಎಂದು, ಆಮೇಲೆ ನೋವು. ಹುಡುಗಾಟದ ಸುಳಿವೇ ಇರಲಿಲ್ಲ. ಒಬ್ಬ ಮುದುಕ ತನಗೆ ಆವತ್ತು ಆರಾಮಿದೆ, ಸುಮ್ಮನೆ ಹೇಳಿಹೋಗಲು ಬಂದೆ ಎಂದು ಹೇಳಿದ. ನಡುವೆ ನದಿಯ ಸದ್ದು, ಗಾಳಿಯ ಸದ್ದು. ಹತ್ತು ಬಳೆ ಕೇಳಿ ಮುಗಿಸಬೇಕಾದವಳು ಇದೊಂದರದ್ದೇ ನಲವತ್ತು ಮಾತು ಕೇಳಿದಳು. ಚಹಾ ಬಂದು ಆರಿತು. ನಲವತ್ತೊಂದನೆಯದು ಒಬ್ಬ ವಯಸ್ಸಾದ ಹೆಂಗಸಿನದು.

“ನಾನು ದ್ಯಾವಮ್ಮ ಅದೀನಿ. ಹುಲಿಗೆಮ್ಮನ ಅವ್ವ. ಮಗಳು ಹೋದಾಗಿಂದ ನಿನ್ನ ಕೂಡ ಮಾತು ಬಿಟ್ಟಿದ್ದೆ, ಸಿಟ್ಟಿತ್ತು. ಇವತ್ತ ಬಂಡೆ ಏರಿ ಬಂದೀನಿ. ಬ್ಯಾನಿ ಏನಿಲ್ಲ ನನಗ. ಒಂದು ಮಾತು ಕೇಳೂದಿತ್ತು. ನನ್ನ ಮಗಳು...”

ಅಲ್ಲಿಗೆ ಇಪ್ಪತ್ತು ಸೆಕೆಂಡು ಮುಗಿದಿತ್ತು. ಬಳೆಯ ಕಿವಿ ತೆರೆದಿರುತ್ತಿದ್ದದ್ದೇ ಅಷ್ಟು ಹೊತ್ತು. “ನಿಮ್ಮ ಮಾತು ಮುಟ್ಟಿದೆ,” ಎಂದಿತು ಕಸ್ತೂರಿಯ ದನಿ. “ಚಿಂತೆ ಮಾಡಬೇಡಿ.”

ಹಸಿ ಧ್ವನಿಯನ್ನು ತೊಂಬತ್ತು ದಿನ ಇಟ್ಟು ಅಳಿಸಿಬಿಡುವುದು ಅಲ್ಲಿಯ ಪದ್ಧತಿ. ಅಂಕಿಗಳು ಮಾತ್ರ ಉಳಿಯುತ್ತವೆ. ಹುಲಿಗೆಮ್ಮನ ದನಿ ಹುಡುಕಿದರೂ ಸಿಗಲಿಲ್ಲ. ಕಸ್ತೂರಿ ಹಿಂದಕ್ಕೆ ಹಿಂದಕ್ಕೆ ಹೋಗಿ ಮುದ್ದನಗಡ್ಡಿಯ ತಿರಸ್ಕೃತ ಅಂಕಿಗಳನ್ನು ತೆಗೆದಳು. ಇನ್ನೂರು ಜನರ ನಾಡಿ ಕಲಸಿದ ಚಿತ್ರಾನ್ನ. ಆದರೂ ಇಪ್ಪತ್ತು ವರ್ಷ ಅಂಕಿ ಆರಿಸಿದ ಕಣ್ಣು ಅವಳದು. ನಾಲ್ಕು ತಿಂಗಳ ಹಿಂದೆ, ದಿನಾ ಬೆಳಗಿನ ಆರರ ಆಸುಪಾಸಿಗೆ, ಒಂದೇ ಮೈ ಮತ್ತೆ ಮತ್ತೆ ಬಂದಿತ್ತು. ಎಳೆಯ ವಯಸ್ಸಿನ ನಾಡಿ, ನೂರ ಹತ್ತು, ನೂರ ಹದಿನೆಂಟು, ನೂರ ಮೂವತ್ತು. ಜ್ವರ. ಆಮ್ಲಜನಕ ತೊಂಬತ್ತಮೂರು, ತೊಂಬತ್ತು, ಎಂಬತ್ತಾರು. ಹತ್ತೊಂಬತ್ತನೆಯ ದಿನ ಎಪ್ಪತ್ತೊಂಬತ್ತು. ಇಪ್ಪತ್ತನೆಯ ದಿನ ಆ ಮೈ ಬರಲಿಲ್ಲ.

ಶ್ವಾಸಕೋಶದ ಸೋಂಕು. ಓದಿದವರು ಯಾರು ನೋಡಿದರೂ ಹೇಳುತ್ತಿದ್ದರು. ಹತ್ತು ದಿನದ ಮಾತ್ರೆಯಲ್ಲಿ ಹೋಗುವಂಥದ್ದು. ಇದೇ ಅಂಕಿ ಮೋತಿಯ ಕಾಲಿನಿಂದ ಬಂದಿದ್ದರೆ ಮೊದಲ ದಿನವೇ ಡ್ರೋನ್ ಹಾರುತ್ತಿತ್ತು. ನಾಯಿಯ ಕಾಲಿನಿಂದ ಬಳೆ ಕದಲುತ್ತಿರಲಿಲ್ಲವಲ್ಲ! ಒಂದು ಕೈ ನಿಯಮದ ಪ್ರಕಾರ ಮೋತಿ ಪ್ರಾಮಾಣಿಕ ಮನುಷ್ಯ, ಮುದ್ದನಗಡ್ಡಿಯ ಇನ್ನೂರ ಹನ್ನೊಂದು ಜನ ಮೋಸಗಾರರು.

ಸಂಜೆ ಅವಳು ಮನೆಗೆ ಬಂದಾಗ ಮಾಸ್ತರರು ಕಟ್ಟೆಯ ಮೇಲೆ ಕೂತು ಹೊಸ ಪೊಟ್ಟಣ ಬಿಚ್ಚುತ್ತಿದ್ದರು.

“ನೋಡವಾ, ಮೋತಿಗೆ ಕೆಮ್ಮಿನ ಔಷಧ ಬಂತು. ಬಿಸಿಲಾಗ ಏದುಸಿರು ಬಿಟ್ಟಿದ್ದೇ ತಪ್ಪಾತು ನೋಡು ಅದರದು,” ಎಂದು ನಕ್ಕರು.

ಕಸ್ತೂರಿ ನಗಲಿಲ್ಲ. ಚೀಲವನ್ನು ಅಲ್ಲೇ ಬಿಸಾಕಿ, ನಾಯಿಯ ಮುಂದೆ ಕುಕ್ಕರಿಸಿ ಕೂತು, ಅದರ ಕಾಲಿನಿಂದ ಬಳೆ ಕಿತ್ತಳು. ಮೋತಿ ಆಟವೆಂದು ತಿಳಿದು ಅವಳ ಮುಖ ನೆಕ್ಕಿತು. ಆಗ ಅವಳಿಗೆ ತಡೆಯಲಾಗಲಿಲ್ಲ, ನಾಯಿಯ ಕತ್ತು ಹಿಡಿದುಕೊಂಡು ಅತ್ತುಬಿಟ್ಟಳು.

ಮಾಸ್ತರರು ಗಾಬರಿಯಾದರು. ಎಲ್ಲ ಕೇಳಿ, “ನೀ ಬೇಕಂತ ಮಾಡಿಲ್ಲಲ್ಲ,” ಎಂದರು.

“ಬೇಕಂತ ಮಾಡಿಲ್ಲ ಅಪ್ಪಾ. ಆದರ ಕೇಳಲೂ ಇಲ್ಲ. ಒಂದು ಸಲ ಕೇಳಿದ್ರ ಸಾಕಿತ್ತು.”

“ಒಂದು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಮೂವತ್ತಾರು ವರ್ಷ ಹಾಜರಿ ತಗೊಂಡೀನಿ ನಾನು. ನಾನು ಹೆಸರು ಕೂಗಿದ ಮ್ಯಾಲ ಹುಡುಗ್ರು ಹಾಜರಿ ಸರ್ ಅಂತಿದ್ರು. ಆ ಮಂದಿ ಯಾರೂ ಕೂಗದ ಹಾಜರಿ ಹೇಳ್ಯಾರ. ನಾನು ಇಂಥಾವ, ಇಂಥಾವರ ಮಗ ಅಂತ. ನಿಮ್ಮ ಕಂಪ್ಯೂಟರಿಗೆ ಇನ್ನೇನು ಬೇಕಾಗಿತ್ತವಾ?”

ಕಸ್ತೂರಿಯ ಅಳು ನಿಂತಿತು. ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಹೌದಲ್ಲ! ಬಳೆ ಒಂದೇ ಇದ್ದರೇನು, ಪ್ರತಿ ಹೆಸರಿಗೂ ಒಂದೊಂದು ಪಾಠ ತೆರೆದರೆ ಮುಗಿಯಿತು. ಈರಮ್ಮ ಅಂದರೆ ಈರಮ್ಮನ ಮೈ, ಅಮರಪ್ಪ ಅಂದರೆ ಅಮರಪ್ಪನ ಮೈ. ಆ ಜನ ತಮಗೆ ಗೊತ್ತಿಲ್ಲದೆಯೇ ಎರಡು ವರ್ಷದಿಂದ ದಾರಿ ತೋರಿಸುತ್ತ ಬಂದಿದ್ದಾರೆ. ಅಬ್ಬಬ್ಬಾ ಅಂದರೆ ಹತ್ತು ಹನ್ನೆರಡು ದಿನದ ಕೆಲಸ. ಇಷ್ಟು ಸುಲಭ ಅಂತ ತಿಳಿದಾಗ ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

“ಕೆಲಸ ಆಮ್ಯಾಲ,” ಎಂದಳು. “ಮೊದಲ ಅಲ್ಲಿಗೆ ಹೋಗಬೇಕು ನಾನು. ಆಕಿ ಏನೋ ಕೇಳಾಕ ಬಂದಿದ್ದಳು.”

ಎರಡನೆಯ ದಿನ ಮಧ್ಯಾಹ್ನಕ್ಕೆ ಅವಳು ಕೃಷ್ಣೆಯ ದಡದಲ್ಲಿದ್ದಳು. ಡ್ರಾಯರಿನ ಬಳೆ, ನಾಯಿಯ ಬಳೆ ಎರಡೂ ಚೀಲದಲ್ಲಿದ್ದವು. ಕೊಡಬೇಕೆಂದು ತಂದಿದ್ದಳು, ಹೇಗೆ ಕೊಡುವುದೆಂದು ತಿಳಿದಿರಲಿಲ್ಲ. ದಡದಲ್ಲಿ ಒಂದು ಹರಗೋಲು, ಅದರ ಪಕ್ಕ ಬೀಡಿ ಸೇದುತ್ತ ಯಂಕಪ್ಪ ಎಂಬ ಅಂಬಿಗ.

“ಮುದ್ದನಗಡ್ಡಿಗೆ ಬಿಡ್ತೀರೇನ್ರಿ?” ಎಂದು ಕೇಳಿದಳು.

ಯಂಕಪ್ಪನ ಬಾಯಿಯ ಬೀಡಿ ಬಿತ್ತು. ಎದ್ದು ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ.

“ಇನ್ನೊಮ್ಮೆ ಮಾತಾಡ್ರಿ.”

“ಮುದ್ದನಗಡ್ಡಿಗೆ...”

“ಬಳಿಯಕ್ಕ!” ಎಂದು ಅವನು ಕೂಗಿದ. “ನೀನು ನಮ್ಮ ಬಳಿಯಕ್ಕ ಅಲ್ಲೇನು? ಚಿಂತೆ ಮಾಡಬೇಡಿ ಅಂತೀಯಲ್ಲ? ಅಯ್ಯ ಶಿವನ! ಕುಂದುರು ತಾಯಿ, ಕುಂದುರು. ನೀರು ಬಡಿತಾವು, ನಡುವ ಕುಂದುರು.”

ದಾರಿಯುದ್ದಕ್ಕೂ ಅವನು ಮಾತಾಡಿದ. ಗಡ್ಡಿಯಲ್ಲಿ ಎಲ್ಲದಕ್ಕೂ ಪಾಳಿಯಂತೆ. ಹರಗೋಲಿಗೆ ಪಾಳಿ, ಬೀಸುವ ಯಂತ್ರಕ್ಕೆ ಪಾಳಿ, ಹಾಗೇ ಬಳೆಗೂ ಪಾಳಿ. ಸಿಗ್ನಲ್ ಬರುವುದು ಊರ ಆಚೆಯ ಒಂದೇ ಬಂಡೆಯ ನೆತ್ತಿಯಲ್ಲಿ. ಒಬ್ಬರು ಮೇಲೆ ಹೋದಾಗ ಉಳಿದವರು ದೂರ ನಿಲ್ಲಬೇಕು, ಯಾರ ನೋವನ್ನು ಯಾರೂ ಕೇಳಿಸಿಕೊಳ್ಳಬಾರದು. ಅದು ಅವರೇ ಮಾಡಿಕೊಂಡ ಮರ್ಯಾದೆ. ಕಸ್ತೂರಿ ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದರೆ ತನ್ನ ದನಿ ಕೇಳುತ್ತದಲ್ಲ ಎಂದು ಅವಳಿಗೆ ಹೆದರಿಕೆಯಾಗಿತ್ತು.

ಗಡ್ಡಿಯಲ್ಲಿ ಹಬ್ಬವೇ ಆಯಿತು. ಹರಗೋಲಿನಿಂದಲೇ ಯಂಕಪ್ಪ ಕೂಗಿ ಹೇಳಿದ್ದ. ಯಾರೋ ಚಾಪೆ ಹಾಸಿದರು, ಯಾರೋ ಕಾಲಿಗೆ ನೀರು ಕೊಟ್ಟರು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಬಂತು. ದೊಡ್ಡಮನಿ ಅಮರಪ್ಪ ಎದುರಿಗೆ ಬಂದು ಪಂಚೆ ಎತ್ತಿ ಮೊಣಕಾಲು ತೋರಿಸಿದ.

“ನಿನಗ ಹೇಳಿ ಹೇಳಿ ಅರ್ಧ ಕಡಿಮಿ ಆತು ನೋಡಕ್ಕ. ಕೇಳೋರು ಒಬ್ಬರದಾರ ಅಂದ್ರ ಅದೊಂದು ಔಷಧ.”

“ತಿಂಗಳಿಗೊಮ್ಮೆ ನರ್ಸಮ್ಮ ಬರ್ತಾಳಲ್ಲ, ನೀನೇ ಕಳಸ್ತಿ ಅಂತ ಗೊತ್ತು ನಮಗ,” ಎಂದಳು ಈರಮ್ಮ. ಕಂಕುಳಲ್ಲಿದ್ದ ಕೂಸಿನ ಕೈ ಹಿಡಿದು ಕಸ್ತೂರಿಗೆ ನಮಸ್ಕಾರ ಮಾಡಿಸಿದಳು.

ನರ್ಸಮ್ಮ ಬರುತ್ತಿದ್ದದ್ದು ತಾಲ್ಲೂಕಿನ ಪಾಳಿಯ ಮೇಲೆ, ಬಳೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಸ್ತೂರಿ ತಟ್ಟೆ ಪಕ್ಕಕ್ಕಿಟ್ಟು, “ದ್ಯಾವಮ್ಮ ಅನ್ನೋರು ಯಾರ್ರಿ?” ಎಂದು ಕೇಳಿದಳು.

ಜನ ಸರಿದರು. ಹಿಂದೆ, ಬೇವಿನ ಗಿಡದ ಬುಡದಲ್ಲಿ, ಒಣಗಿದ ಸಣ್ಣ ಮೈಯ ಹೆಂಗಸೊಬ್ಬಳು ನಿಂತಿದ್ದಳು. ಅವಳೊಬ್ಬಳೇ ಹತ್ತಿರ ಬಂದಿರಲಿಲ್ಲ. ಈಗ ಬಂದು ಚಾಪೆಯ ತುದಿಗೆ ಕೂತಳು.

“ನಾನು ಕೇಳಿದ್ದು ಮುಟ್ಟಿತೇನವ್ವ? ಅದಕ್ಕ ಬಂದಿ?”

“ಅರ್ಧ ಮುಟ್ಟಿತು. ಏನು ಕೇಳಬೇಕಾಗಿತ್ತು ನಿಮಗ?”

ದ್ಯಾವಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನ್ನ ಹುಲಿಗೆಮ್ಮ ಹತ್ತೊಂಬತ್ತು ದಿನ ಬಂಡೆ ಏರಿದಳು. ಏರಾಕ ಆಗತಿದ್ದಿಲ್ಲ ಆಕಿಗೆ, ನಾಕು ಸಲ ಕುಂತು ಏರತಿದ್ದಳು. ನಾನು ಕೆಳಗ ನಿಂತಿರತಿದ್ದೆ. ಲಿಂಗಸುಗೂರು ದವಾಖಾನಿಗೆ ಹೋಗೂಣು ನಡಿ, ಯಂಕಪ್ಪ ದಾಟಿಸ್ತಾನ ಅಂದೆ. ಬ್ಯಾಡವ್ವ, ಬಳಿಯಕ್ಕ ಚಿಂತಿ ಮಾಡಬ್ಯಾಡ ಅಂದಾಳ, ಆಕಿಗೆ ಎಲ್ಲಾ ಹೇಳೀನಿ ಅಂದಳು. ಕಡೀ ದಿನ ಮ್ಯಾಲ ಬಾಳ ಹೊತ್ತು ಇದ್ದಳು. ಇಳದು ಬಂದು ಮಲಗಿದಾಕಿ ಮತ್ತ ಮಾತಾಡಲಿಲ್ಲ.” ಅವಳು ಕಸ್ತೂರಿಯ ಮುಖವನ್ನು ನೇರ ನೋಡಿದಳು. “ಯಾಕ ಉಳಸಲಿಲ್ಲ ಅಂತ ಕೇಳಾಂಗಿಲ್ಲ ನಾನು. ಆಗೂದು ಆತು. ಕಡೀಕ ನಿನಗ ಏನು ಹೇಳಿದಳು ನನ್ನ ಮಗಳು? ಅಷ್ಟ ಹೇಳಿಬಿಡು.”

ದೇವರ ಮುಂದೆ ನಿಂತವರು ಕೇಳುವ ಹಾಗೆ ಕೇಳಿದಳು. ಇಡೀ ಊರು ಕಾಯುತ್ತಿತ್ತು. ಕಸ್ತೂರಿ ಆಗ ಏನು ಹೇಳಿದ್ದರೂ ನಡೆಯುತ್ತಿತ್ತು. ‘ಅವ್ವನ್ನ ನೋಡಿಕೊಳ್ಳಿ’ ಅಂದಳು ಎಂದಿದ್ದರೆ ದ್ಯಾವಮ್ಮ ಆ ಮಾತನ್ನು ಎದೆಗವಚಿಕೊಂಡು ಉಳಿದ ದಿನ ಕಳೆಯುತ್ತಿದ್ದಳು. ಆ ಸುಳ್ಳು ನಾಲಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅವಳಿಗೆ ತನ್ನ ಹಳೆಯ ವಾಕ್ಯ ನೆನಪಾಯಿತು. ಅದನ್ನೂ ಅವಳು ಪಾಪ ಅಂತಲೇ ಹೇಳಿದ್ದಳು.

“ನನಗ ಗೊತ್ತಿಲ್ಲವ್ವ,” ಎಂದಳು. “ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ. ಬಳಿ ಒಳಗಿನ ದನಿ ನಂದ ಖರೆ, ಆದರ ಅದು ಎರಡು ವರ್ಷದ ಹಿಂದ ಒಂದು ಸಲ ಹೇಳಿ ಇಟ್ಟದ್ದು. ಒಂದು ಬಳಿ ಬಾಳ ಮಂದಿ ಹಾಕ್ಕೊಂಡ್ರ ಅವರ ಮಾತು ಎಣಿಸಬಾರದು ಅಂತ ನಿಯಮ ಬರದಾಕಿ ನಾನೇ. ಹುಲಿಗೆಮ್ಮ ಹೇಳಿದ್ದು ಧಾರವಾಡಕ್ಕ ಬಂತು. ನನ್ನ ನಿಯಮ ಅದನ್ನ ಕಸಕ್ಕ ಹಾಕಿತು. ಈಗ ಅದು ಅಳಿಸಿಹೋಗೇತಿ. ಹುಡುಕಿದೆ, ಇಲ್ಲ.”

ಮೊದಲು ಸಿಡಿದದ್ದು ಈರಮ್ಮ. “ಹಂಗಾರ ಎರಡು ವರ್ಷ ನಾವು ಕಲ್ಲಿನ ಕೂಡ ಮಾತಾಡಿವೇನು? ಕೂಸು ಕರಕೊಂಡು ಮಳಿಯಾಗ ಏರೀನಿ ನಾನು!” ಯಾರೋ ರೊಟ್ಟಿಯ ತಟ್ಟೆ ಎತ್ತಿಕೊಂಡು ಹೋದರು. ಅಮರಪ್ಪ ಪಂಚೆ ಇಳಿಸಿ ಮೊಣಕಾಲು ಮುಚ್ಚಿಕೊಂಡ. ಕಸ್ತೂರಿಗೆ ಬೈಗುಳಕ್ಕಿಂತ ಅದು ಹೆಚ್ಚು ಉರಿಯಿತು.

ದ್ಯಾವಮ್ಮ ಬೈಯಲಿಲ್ಲ. “ಏಳು,” ಎಂದಳಷ್ಟೆ.

ಬಂಡೆ ದೂರವಿರಲಿಲ್ಲ, ಕಡಿದಾಗಿತ್ತು. ಗಟ್ಟಿಮುಟ್ಟಾಗಿದ್ದ ಕಸ್ತೂರಿಗೇ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಆಮ್ಲಜನಕ ಎಪ್ಪತ್ತೊಂಬತ್ತು ಇದ್ದವಳು ಇದನ್ನು ಹೇಗೆ ಏರಿದ್ದಳೋ. ನೆತ್ತಿಯಲ್ಲಿ ಒಂದು ಗೂಟ, ಗೂಟಕ್ಕೆ ಅರಿವೆಯ ಚೀಲ, ಚೀಲದಲ್ಲಿ ಬಳೆ. ಇನ್ನೂರು ಕೈ ತಿರುಗಿ ಅದರ ಬಣ್ಣ ಹೋಗಿತ್ತು. ದ್ಯಾವಮ್ಮ ಅದನ್ನು ತೆಗೆದು ಸೆರಗಿನಿಂದ ಒರೆಸಿ ಕಸ್ತೂರಿಯ ಕೈಗೆ ತೊಡಿಸಿದಳು.

“ಈಗ ನಿನ್ನ ಪಾಳಿ. ಹೇಳು. ಮೊದಲ ಹೆಸರು ಹೇಳಬೇಕು.”

ಹೇಳಿ ಅವಳು ಮರ್ಯಾದೆಗೆ ಹತ್ತು ಹೆಜ್ಜೆ ದೂರ ಹೋಗಿ ನಿಂತಳು.

“ನಾನು ಕಸ್ತೂರಿ,” ಎಂದಳು ಕಸ್ತೂರಿ. “ರಾಚಪ್ಪ ಮಾಸ್ತರರ ಮಗಳು. ಹುಲಿಗೆಮ್ಮ ಹತ್ತೊಂಬತ್ತು ದಿನ ಇಲ್ಲಿ ನಿಂತು ಹೇಳಿದ್ದನ್ನ ನಾನು ಕೇಳಲಿಲ್ಲ. ಆಕಿ ದವಾಖಾನಿಗೆ ಹೋಗತಿದ್ದಳು. ನನ್ನ ಮಾತು ನಂಬಿ ಹೋಗಲಿಲ್ಲ.”

ಬಳೆ ಒಂದು ಚಣ ಸುಮ್ಮನಿತ್ತು. ಆಮೇಲೆ ಅಂತಃಕರಣದಿಂದ ಹೇಳಿತು, “ನಿಮ್ಮ ಮಾತು ಮುಟ್ಟಿದೆ. ಚಿಂತೆ ಮಾಡಬೇಡಿ.”

ಕಸ್ತೂರಿ ಅಲ್ಲೇ ಕೂತಳು. ಸ್ವಲ್ಪ ಹೊತ್ತಿನ ಮೇಲೆ ದ್ಯಾವಮ್ಮ ಬಂದು ಅವಳ ಕೈಯಿಂದ ಬಳೆ ಬಿಡಿಸಿಕೊಂಡು ಚೀಲಕ್ಕೆ ಹಾಕಿದಳು. “ಹಿಂಗ ಅಂತಿತ್ತು,” ಎಂದಳು. ಇಳಿಯುವಾಗ ಮಾತ್ರ, ಜಾರುವ ಒಂದು ಜಾಗದಲ್ಲಿ, ಕಸ್ತೂರಿಗೆ ಕೈ ಕೊಟ್ಟಳು. ಊರಿಗೆ ಇಳಿದ ಮೇಲೆ ತನ್ನ ಚೀಲದೊಳಗಿನ ಎರಡು ಬಳೆಗಳನ್ನು ಕಸ್ತೂರಿ ಈರಮ್ಮನ ಕೈಗಿಟ್ಟು, ಒಂದು ನಾಯಿಯ ಕಾಲಿನಲ್ಲಿತ್ತು ಅನ್ನುವುದನ್ನೂ ಹೇಳಿದಳು. ಈರಮ್ಮ ಎರಡನ್ನೂ ತೆಗೆದುಕೊಂಡಳು.

ಧಾರವಾಡದಲ್ಲಿ ಇನಾಮದಾರ ಸಾಹೇಬರು ಅವಳ ವರದಿ ಓದಿ ಬಾಗಿಲು ಹಾಕಿಕೊಂಡು ಬಂದರು. ವರದಿಯ ಕೊನೆಗೆ ಹತ್ತೊಂಬತ್ತು ದಿನದ ಅಂಕಿ ಅಂಟಿಸಿತ್ತು, ಕೆಳಗೆ ನಿಯಮ ಬರೆದವಳು ಎಂದು ಅವಳ ಹೆಸರಿತ್ತು.

“ತಿದ್ದರಿ, ಯಾರು ಬ್ಯಾಡ ಅಂತಾರ? ಆದರ ಈ ಹಾಳಿ ಯಾಕ? ಮಂದಿ ಮುಂದಿಂದು ಕೇಳಾಂಗಿಲ್ಲ, ಇಂಥಾವು ಇನ್ನೆಷ್ಟು ಅಂತ ಕೇಳತಾರ.”

“ಕೇಳಲಿ ಸರ್. ನಾನೂ ಅದನ್ನ ಎಣಿಸಾಕ ಹತ್ತೀನಿ. ಹನ್ನೊಂದು ಸಾವಿರ ಬಳಿ ಅದಾವ. ಬಳಿ ವಾಪಸ್ ತರಿಸೋ ಪಟ್ಟಿಗೆ ನಾನು ಸಹಿ ಮಾಡಾಂಗಿಲ್ಲ. ಈ ಹಾಳಿ ಮ್ಯಾಲಿನವರಿಗೆ ಕಳಸರಿ, ಇಲ್ಲಂದ್ರ ನಾನ ಕಳಸ್ತೀನಿ.”

ವರದಿ ಮೇಲೆ ಹೋಯಿತು. ಪಟ್ಟಿ ನಿಂತಿತು. ವಿಚಾರಣೆ ಮುಗಿಯುವವರೆಗೆ ಕಸ್ತೂರಿಯ ಮುಖ್ಯಸ್ಥೆಯ ಕುರ್ಚಿ ಹೋಯಿತು. ಅದು ಹೋದದ್ದೂ ಅವಳಿಗೆ ಸಾಲದೆನ್ನಿಸಿತು. ಮೂಲೆಯ ಮೇಜಿನಲ್ಲಿ ಕೂತು ಅವಳು ಹೆಸರಿಗೊಂದು ಪಾಠ ತೆರೆಯುವ ಕೆಲಸ ಮಾಡಿದಳು. ಹನ್ನೊಂದು ದಿನ ಹಿಡಿಯಿತು. ಮೊದಲ ದಿನವೇ ಅವಳು ಮಾಡಿದ್ದು ಮಾತ್ರ ಬೇರೆ. ಮೈಕಿನ ಮುಂದೆ ಕೂತು ಹಳೆಯ ವಾಕ್ಯ ತೆಗೆದು ಹೊಸದನ್ನು ಹೇಳಿದಳು. “ನಿಮ್ಮ ಮಾತನ್ನು ಇನ್ನೂ ಯಾರೂ ಕೇಳುತ್ತಿಲ್ಲ. ಆಸ್ಪತ್ರೆಗೆ ಹೋಗಿ.” ಅದು ಹನ್ನೊಂದು ಸಾವಿರ ಬಳೆಗಳಲ್ಲಿ ಕೇಳಿದ ವಾರ ತಾಲ್ಲೂಕು ಕಚೇರಿಗಳ ಮುಂದೆ ನಿಂತ ಜನವನ್ನು ನೋಡಿ ಮೇಲಿನವರ ನಿದ್ದೆ ಹಾರಿತು. ಕೆಲಸಕ್ಕೆ ಇನ್ನೂ ಇಬ್ಬರನ್ನು ಕೊಟ್ಟರು.

ಹೊಸ ಏರ್ಪಾಡು ಶುರುವಾದ ಬೆಳಿಗ್ಗೆ ಕಸ್ತೂರಿ ಹೆಡ್‌ಫೋನ್ ಹಾಕಿಕೊಂಡು ಮುದ್ದನಗಡ್ಡಿಯನ್ನೇ ತೆರೆದಳು. ಯಾರೂ ಬಾರದಿದ್ದರೆ ಏನು ಮಾಡುವುದೆಂದು ಕಾದಳು. ಏಳು ಗಂಟೆಗೆ ಅಮರಪ್ಪ ಬಂದ, ಸಿಟ್ಟಿನ ದನಿಯಲ್ಲಿ ಮೊಣಕಾಲು ಎಂದಷ್ಟೇ ಹೇಳಿ ಹೋದ. ಈರಮ್ಮನ ಕೂಸು ಬಂತು. ಒಂದೊಂದು ಹೆಸರಿಗೂ ತೆರೆಯ ಮೇಲೆ ಒಂದೊಂದು ಸಾಲು ತೆರೆದುಕೊಂಡಿತು. ಹನ್ನೆರಡು ದಿನದಲ್ಲಿ ನೂರ ಎಂಬತ್ತು ಸಾಲಾಯಿತು. ಒಂದಕ್ಕೆ ಕೆಂಪು ಗುರುತು ಬಿದ್ದು, ಗಡ್ಡಿಯ ಮೇಲೆ ಮೊದಲ ಡ್ರೋನ್ ಇಳಿಯಿತು. ದ್ಯಾವಮ್ಮನೂ ದಿನಾ ಬರುತ್ತಿದ್ದಳು, ಹೆಸರು ಹೇಳಿ, ಬ್ಯಾನಿ ಏನಿಲ್ಲ ಎಂದು ಹೇಳಿ ಇಳಿಯುತ್ತಿದ್ದಳು.

ಹದಿಮೂರನೆಯ ಬೆಳಿಗ್ಗೆ ಆರು ಗಂಟೆಗೆ ದ್ಯಾವಮ್ಮನ ದನಿ ಮತ್ತೆ ಬಂತು. ಆವತ್ತು ಹೆಸರು ಬೇರೆ ಇತ್ತು.

“ನಾನು ಹುಲಿಗೆಮ್ಮ ಅದೀನಿ. ದ್ಯಾವಮ್ಮನ ಮಗಳು. ಬಂಡೆ ಏರೂದ್ರಾಗ ಉ‌ಸಿರು ಹತ್ತತೈತಿ ಅಕ್ಕ. ಎದಿ ಚುಚ್ಚತೈತಿ. ನಮ್ಮವ್ವ ಕೆಳಗ ನಿಂತಾಳ, ಆಕಿಗೆ ಹೇಳಬ್ಯಾಡ, ಹೆದರತಾಳ.”

ಮಗಳು ಹೀಗೆ ಹೇಳಿರಬಹುದೆಂದು ಆ ತಾಯಿ ಎಷ್ಟು ದಿನ ಯೋಚಿಸಿದ್ದಳೋ. ಕಸ್ತೂರಿ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು. ತೆರೆಯ ಮೇಲೆ ಹೊಸ ಸಾಲು ತೆರೆಯಿತು, ಹುಲಿಗೆಮ್ಮ, ದ್ಯಾವಮ್ಮನ ಮಗಳು. ಮರುಕ್ಷಣವೇ ಕಂಪ್ಯೂಟರು ಎಚ್ಚರಿಕೆ ಕೊಟ್ಟಿತು. ‘ಒಂದೇ ಕೈ, ಎರಡು ಹೆಸರು. ಒಂದನ್ನು ಅಳಿಸಲೇ?’

ಕಸ್ತೂರಿ ‘ಬೇಡ’ ಒತ್ತಿದಳು. ಹಿಂದಿನ ಹತ್ತೊಂಬತ್ತು ದಿನದ ಅಂಕಿಗಳನ್ನು ಹುಡುಕಿ ತಂದು, ಆ ಹೆಸರಿನ ಮುಂದೆ ಒಂದೊಂದಾಗಿ ಕೈಯಿಂದಲೇ ತುಂಬಿಸಲು ಕೂತಳು.